ಭೀಮನಿಗೆ ಒಂದೇ ದಿನ ಸಾಕಾಯಿತು, ನನಗೆ ಆರು ವರ್ಷ ಯಾಕೆ ಸಾಲದು?

ಕೆರೆಕೋಡಿ (ಗುಬ್ಬಿ ತಾಲೂಕು) | ಸೋಮವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮೂರ ಜಾತ್ರೆಗೆ ಈ ಸಲ ಕುರುಕ್ಷೇತ್ರ ನಾಟಕ. ನನ್ನದು ಭೀಮನ ಪಾತ್ರ. ದುಡ್ಡು ಕೊಟ್ಟೇ ತಗೊಂಡಿದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ. ನಿನ್ನೆ ರಾತ್ರಿ ಪ್ರಾಕ್ಟೀಸ್‌ಗೆ ಮಗಳೂ ಬಂದಿದ್ದಳು. ಎಂಟನೇ ಕ್ಲಾಸು. ನಾನು ಗದೆ ತಿರುಗಿಸಿ, ತೊಡೆ ತಟ್ಟಿ, ಮಾತು ಮುಗಿಸಿ ಬಂದು ಟವೆಲ್‌ನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದೆ. ಆಗ ಕೇಳಿದಳು: "ಅಪ್ಪಾ, ಭೀಮ ಬಕಾಸುರನನ್ನು ಒಂದೇ ದಿನದಲ್ಲಿ ಮುಗಿಸಿದ. ನೀನು ಕೆರೆ ಒತ್ತುವರಿ ಅಂತ ಆರು ವರ್ಷದಿಂದ ಓಡಾಡುತ್ತಿದ್ದೀಯ. ಯಾಕೆ ಮುಗಿದಿಲ್ಲ?"

ಹೋದ ತಿಂಗಳು ಶಾಲೆಯಿಂದ ಕೈವಾರಕ್ಕೆ ಪ್ರವಾಸ ಹೋಗಿದ್ದರು. ಬಕಾಸುರನನ್ನು ಕೊಂದಿದ್ದು ಇಲ್ಲೇ ಅಂತ ಬೆಟ್ಟ ತೋರಿಸಿ ಹೇಳಿದ್ದಾರೆ. ಅದು ತಲೆಯಲ್ಲಿ ಕೂತುಬಿಟ್ಟಿದೆ.

ನನ್ನ ಕಥೆ ಏನೆಂದರೆ, ನಮ್ಮೂರ ಕೆರೆ ಒಳಗೆ ಅಡಿಕೆ, ತೆಂಗು ಹಾಕಿಕೊಂಡಿದ್ದಾರೆ. ಅರ್ಜಿ ಕೊಟ್ಟೆ. ಮಾಹಿತಿ ಹಕ್ಕಿನಲ್ಲಿ ಕೇಳಿದೆ. 30 ದಿನಕ್ಕೆ ಬರಬೇಕಾದ ಉತ್ತರ ಮೇಲ್ಮನವಿ ಹಾಕಿದ ಮೇಲೆ ಬಂತು. ಮೂರನೇ ವರ್ಷ ಸರ್ವೆಯವರು ಬಂದು ಗುರುತಿನ ಕಲ್ಲು ನೆಟ್ಟು ಹೋದರು. ಒಂದು ವಾರದಲ್ಲಿ ಆ ಕಲ್ಲು ಹತ್ತು ಮಾರು ಕೆರೆ ಕಡೆ ನಡೆದುಕೊಂಡು ಹೋಗಿತ್ತು. ಕಾಲು ಬಂದಿರಬೇಕು!

ಈಗ ಅವಳಿಗೆ ಶನಿವಾರ ಭಾಷಣ ಸ್ಪರ್ಧೆ ಇದೆ. ವಿಷಯ 'ಅಂದಿನ ವೀರರು, ಇಂದಿನ ವೀರರು'. ಐದು ನಿಮಿಷ. ನನಗೆ ಹೇಳಿಕೊಡಲು ಆಗುತ್ತಿಲ್ಲ. ಆಗಿನ ಕೆಟ್ಟವರು ಸುಲಭಕ್ಕೆ ಸಿಗುತ್ತಿದ್ದರಾ? ಇಲ್ಲ ಈಗಿನವರಿಗೆ ತೋಳಲ್ಲಿ ಬಲ ಇಲ್ವಾ? ನಿಮಗೆ ಏನು ಅನ್ನಿಸುತ್ತದೆ ಹೇಳಿ.

ಶಿರಾ ಗೇಟ್ | 9.58

ಆಗ ರಾಕ್ಷಸರಿಗೆ ಕೋರೆಹಲ್ಲು ಇರುತ್ತಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. ಈಗ ಬಿಳಿ ಶರ್ಟು. ಭಾಷಣ ಮುಗೀತು ನೋಡಿ.

ಮಾಲೂರು ಹೆಂಚು | 10.04

ಭೀಮ ಈಗ ಇದ್ದು ಅದೇ ಕೆಲಸ ಮಾಡಿದ್ದರೆ ಬೆಳಿಗ್ಗೆಯೇ ಎಫ್‌ಐಆರ್. 302. ಜಾಮೀನಿಗೆ ಕುಂತಮ್ಮ ಕೋರ್ಟು ಸುತ್ತಬೇಕಿತ್ತು.

ಮೂರು ಫೇಸ್ (ಕೋಲಾರ) | 10.06

302 ಈಗ ಇಲ್ಲ ಗುರುವೇ. 2024ರ ಜುಲೈಯಿಂದ 103.

ಮಾಲೂರು ಹೆಂಚು | 10.07

ಯಾವ ನಂಬರಾದರೇನು, ಜೈಲು ಅದೇ ಅಲ್ವಾ.

ಹಳೇ ಹಾರ್ಮೋನಿಯಂ (ತಿಪಟೂರು) | 10.31

ಕೆರೆಕೋಡಿಯವರೇ, ನಾನು ಮೂವತ್ತು ವರ್ಷದಿಂದ ಹಳ್ಳಿ ಹಳ್ಳಿ ಸುತ್ತಿ ಇದೇ ನಾಟಕ ಕಲಿಸುತ್ತಿದ್ದೇನೆ. ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಊರಲ್ಲಿ ಯಾವ ಪಾತ್ರಕ್ಕೆ ಜಾಸ್ತಿ ದುಡ್ಡು? ಭೀಮನದಕ್ಕೆ ಅಲ್ಲ ತಾನೇ?

ನಾನು ಕಂಡ ಎಲ್ಲ ಊರಲ್ಲೂ ದುರ್ಯೋಧನ, ಕೃಷ್ಣ ಈ ಎರಡಕ್ಕೇ ಪೈಪೋಟಿ. ದುರ್ಯೋಧನನಿಗಂತೂ ಜಗಳವೇ ಆಗುತ್ತದೆ. ಒಳ್ಳೆ ಹಾಡು, ಒಳ್ಳೆ ಸಿಂಹಾಸನ, ಎದೆಯುದ್ದ ಮೀಸೆ. ಧರ್ಮರಾಯನ ಪಾತ್ರಕ್ಕೆ ಯಾರೂ ಮುಂದೆ ಬರುವುದಿಲ್ಲ. ಕೊನೆಗೆ ಯಾರೋ ಪಾಪದ ಮೇಷ್ಟ್ರನ್ನೋ ಅಂಗಡಿಯವರನ್ನೋ ಹಿಡಿದು ನಿಲ್ಲಿಸುತ್ತೇವೆ. ಅವರು ರಾತ್ರಿಯಿಡೀ ತಲೆ ತಗ್ಗಿಸಿ ಕೂರಬೇಕು. ಬೆಳಗಿನ ಜಾವ ನಾಲ್ಕಕ್ಕೆ ದುರ್ಯೋಧನ ಸಾಯುವಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಒನ್ಸ್ ಮೋರ್ ಅಂತ ಕೂಗಿ ಸತ್ತವನನ್ನು ಎಬ್ಬಿಸಿ ಹಾಡಿಸಿದ್ದೂ ಉಂಟು.

ಇದು ಇವತ್ತಿನ ಮಾತಲ್ಲ. ಸಾವಿರ ವರ್ಷದ ಹಿಂದೆ ರನ್ನ ಗದಾಯುದ್ಧ ಬರೆದಾಗಲೂ ಓದಿದವರ ಮನಸ್ಸು ವಾಲಿದ್ದು ಸೋತವನ ಕಡೆಗೇ. ಪಂಪ ಅರ್ಜುನನ ಕಥೆ ಹೇಳಲು ಹೊರಟು ಕೊನೆಗೆ ಕರ್ಣನನ್ನು ನೆನೆಯಿರಿ ಅಂದ. ನಮಗೆ ಕೆಟ್ಟದ್ದನ್ನು ಹೊಡೆಯಬೇಕು ಅಂತ ಆಸೆ ಇದೆ, ಒಪ್ಪುತ್ತೇನೆ. ಅದರ ಹಾಡೂ ಚೆನ್ನಾಗಿದೆ ಅನ್ನಿಸುತ್ತದೆ. ಅಲ್ಲೇ ಎಡವಟ್ಟು.

ಶಿರಾ ಗೇಟ್ | 10.35

ಮೇಷ್ಟ್ರೇ, ಗದೆ ಒಳಗೆ ಟೊಳ್ಳು ಅಂತ ಮಾತ್ರ ಯಾರಿಗೂ ಹೇಳಬೇಡಿ.

ಕೆರೆಕೋಡಿ | 10.38

ಟೊಳ್ಳಾದರೂ ತಿರುಗಿಸಿ ನೋಡಿ ಸಾರ್, ರಟ್ಟೆ ನೋವು ಇನ್ನೂ ಹೋಗಿಲ್ಲ. ಹೌದು ಮೇಷ್ಟ್ರೇ, ನಮ್ಮಲ್ಲೂ ದುರ್ಯೋಧನನದೇ ಜಾಸ್ತಿ ರೇಟು. ನನ್ನ ಎರಡರಷ್ಟು.

ಗೌರಿಬಿದನೂರು ಗಾಡಿ | ಮಂಗಳವಾರ ಬೆಳಿಗ್ಗೆ 6.20

ನಮ್ಮ ವಿದುರಾಶ್ವತ್ಥ ಮರೆತೇಬಿಟ್ಟಿರಾ? ಹಳೇ ವೀರ, ಹೊಸ ವೀರರು, ಇಬ್ಬರೂ ಒಂದೇ ಜಾಗದಲ್ಲಿ ಇದ್ದಾರೆ. ಆ ಅಶ್ವತ್ಥ ಮರ ವಿದುರ ನೆಟ್ಟಿದ್ದು ಅಂತ ನಂಬಿಕೆ. ಹಳೇ ಮರ 2001ರಲ್ಲಿ ಬಿದ್ದುಹೋಯಿತು.

ವಿದುರ ಯಾರನ್ನೂ ಹೊಡೆದವನಲ್ಲ. ಯುದ್ಧಕ್ಕೂ ಹೋಗಲಿಲ್ಲ. ಜೂಜು ಬೇಡ ಅಂದ, ದ್ರೌಪದಿಯನ್ನು ಎಳೆದು ತಂದಾಗ ತಪ್ಪು ಅಂದ. ಭೀಷ್ಮ, ದ್ರೋಣ ನೆಲ ನೋಡುತ್ತಿದ್ದರು. ಅದೂ ಹೋರಾಟವೇ. ಅದೇ ಊರಲ್ಲಿ ಆಮೇಲೆ ಬಾವುಟ ಹಿಡಿದವರ ಮೇಲೆ ಗುಂಡು ಹಾರಿಸಿದರು.

ಶಿರಾ ಗೇಟ್ | 7.02

ಕ್ವಿಟ್ ಇಂಡಿಯಾ ಟೈಮಲ್ಲಿ ಅಲ್ವಾ?

ಗೌರಿಬಿದನೂರು ಗಾಡಿ | 7.15

ಅಲ್ಲ. ಅದಕ್ಕೂ ನಾಲ್ಕು ವರ್ಷ ಮುಂಚೆ. 1938ರ ಏಪ್ರಿಲ್ 25. ಆಗ ನಮ್ಮದು ಮೈಸೂರು ಸಂಸ್ಥಾನ. ಅದೇ ತಿಂಗಳು ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಇಲ್ಲಿ ಜಾತ್ರೆ ನಡೆಯುತ್ತಿತ್ತು. ಸತ್ತವರು ಮೂವತ್ತಕ್ಕೂ ಜಾಸ್ತಿ ಅಂತ ಜನ ಹೇಳುತ್ತಾರೆ, ಸರ್ಕಾರ ಒಪ್ಪಿದ್ದು ಅದಕ್ಕಿಂತ ತೀರಾ ಕಮ್ಮಿ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅನ್ನುವುದು ಇದನ್ನೇ.

ನಮ್ಮ ಅಜ್ಜಿ ಚಿಕ್ಕವರಿದ್ದಾಗ ಆ ಜಾತ್ರೆಗೆ ಬಳೆ ತೊಡಿಸಿಕೊಳ್ಳಲು ಹೋಗಿದ್ದರಂತೆ. ಗುಂಡಿನ ಸದ್ದನ್ನು ಮೊದಲು ಪಟಾಕಿ ಅಂದುಕೊಂಡರಂತೆ. ಒಂದು ಕೈಗೆ ಮಾತ್ರ ಬಳೆ, ಇನ್ನೊಂದು ಕೈ ಖಾಲಿ, ಹಾಗೇ ಹೊಲದ ಮೇಲೆ ಓಡಿ ಮನೆ ಸೇರಿದ್ದಾರೆ. ಸಾಯುವ ತನಕ ಏಪ್ರಿಲ್ ಬಂದರೆ ಈ ಮಾತು ತೆಗೆಯುತ್ತಿದ್ದರು. ಸತ್ತವರ ಹೆಸರು ಅವರಿಗೆ ಒಂದೂ ಗೊತ್ತಿರಲಿಲ್ಲ. ಬಳೆಗಾರನಿಗೆ ಕಾಸು ಕೊಡಲಿಲ್ಲ ಅನ್ನುವುದು ಮಾತ್ರ ಕೊನೆಯವರೆಗೂ ಕೊರಗು.

ಕಲ್ಲು ಓದುವವ (ಮುಳಬಾಗಿಲು) | 8.40

ಹೋಲಿಕೆಯಲ್ಲೇ ತಪ್ಪಿದೆ. ಹಳೇ ವೀರ ಅಂದ ತಕ್ಷಣ ಎಲ್ಲರೂ ಭೀಮ, ರಾಮ ಅಂತ ಶುರು ಮಾಡುತ್ತೀರಿ. ಅವರು ಗೆದ್ದವರು. ನಮ್ಮ ಹೊಲ, ಕೆರೆ ಏರಿ ಮೇಲೆ ನಿಂತಿರುವ ವೀರಗಲ್ಲು ನೋಡಿದ್ದೀರಾ? ಕೋಲಾರ ಸೀಮೆಯಲ್ಲಿ ಎಡವಿದರೆ ಸಿಗುತ್ತವೆ. ರೈಸ್ ಸಾಹೇಬರು 1905ರಲ್ಲಿ ಕೋಲಾರದ ಶಾಸನಗಳ ಸಂಪುಟ ತಂದರಲ್ಲ, ಅದರ ಪುಟ ತಿರುವಿದರೆ ಬರೀ ಸಾವು. ಇವನು ದನ ಬಿಡಿಸಿ ಸತ್ತ, ಅವನು ಊರು ಉಳಿಸಿ ಸತ್ತ.

ದನ ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳು ಅನ್ನುತ್ತಿದ್ದರು. ಹೆಣ್ಣುಮಕ್ಕಳ ಮೇಲೆ ಕೈ ಹಾಕಿದಾಗ ಅಡ್ಡ ಬಂದು ಸತ್ತರೆ ಪೆಣ್ಬುಯ್ಯಲ್. ಅದಕ್ಕೆ ಅಂತಲೇ ಪದ ಇತ್ತು ಅಂದರೆ ಎಷ್ಟು ಸಲ ನಡೆದಿರಬೇಕು ಲೆಕ್ಕ ಹಾಕಿ. ಸತ್ತವನ ಮನೆಗೆ ಭೂಮಿ ಕೊಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಈಗಿನ ಪರಿಹಾರದ ಚೆಕ್ಕು ಇದ್ದ ಹಾಗೆ. ಚೆಕ್ಕಿಗೆ ಅಂಥಾ ಹೆಸರು ಇಡುವ ಧೈರ್ಯ ನಮಗಿಲ್ಲ.

ನಮ್ಮ ಹೊಲದಲ್ಲೇ ಒಂದು ಇದೆ. ಹುಣಸೆ ಮರದ ಬುಡದಲ್ಲಿ, ಸ್ವಲ್ಪ ಎಡಕ್ಕೆ ವಾಲಿದೆ. ಕೆಳಗಿನ ಸಾಲಲ್ಲಿ ಕತ್ತಿ ಹಿಡಿದವನು, ಅವನ ಕಾಲ ಹತ್ತಿರ ಮೂರು ದನ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ಸೂರ್ಯ ಚಂದ್ರ. ಅಕ್ಷರ ಎಲ್ಲ ಸವೆದುಹೋಗಿವೆ, ಹೆಸರಿನ ಜಾಗದಲ್ಲಿ ಬೆರಳಾಡಿಸಿದರೆ ನುಣ್ಣಗೆ. ನಮ್ಮ ತಾಯಿ ಹಬ್ಬಕ್ಕೆ ಕುಂಕುಮ ಇಡುತ್ತಿದ್ದರು. ಪಕ್ಕದ ಹೊಲದವನು ಎಮ್ಮೆ ಕಟ್ಟುತ್ತಾನೆ. ನಾಲ್ಕು ವರ್ಷದ ಹಿಂದೆ ಯಾರೋ ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆದರು. ಸಿಕ್ಕಿದ್ದು ಹುಣಸೆ ಬೇರು.

ಆ ಮನುಷ್ಯ ಎದುರಿಸಿದ್ದು ರಾಕ್ಷಸನನ್ನಲ್ಲ, ಪಕ್ಕದ ಸೀಮೆಯ ದನಗಳ್ಳರನ್ನು. ಗೆದ್ದನೋ ಇಲ್ಲವೋ ಗೊತ್ತಿಲ್ಲ, ಸತ್ತಿದ್ದಂತೂ ನಿಜ. ಕೆರೆಕೋಡಿಯವರೇ, ನಿಮ್ಮನ್ನು ಭೀಮನ ಜೊತೆ ಅಳೆಯಬೇಡಿ. ಇವನ ಜೊತೆ ಅಳೆಯಿರಿ.

ಮಾಲೂರು ಹೆಂಚು | 8.52

ಅಂದರೆ ಅವರು ಸಾಯಬೇಕಾ?

ಕಲ್ಲು ಓದುವವ | 8.53

ಛೇ, ಹಾಗಲ್ಲಪ್ಪಾ.

ಗಣಿ ಮೊಮ್ಮಗ (ಕೆಜಿಎಫ್) | ಮಧ್ಯಾಹ್ನ 1.10

ಮನೆಯಲ್ಲಿ ತಮಿಳು, ಕನ್ನಡ ಶಾಲೆಯಲ್ಲಿ ಕಲಿತಿದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಊರ ಹೆಸರಲ್ಲಿ ಸಿನಿಮಾ ಬಂದ ಮೇಲೆ ಎಲ್ಲರೂ ಕೇಳುತ್ತಾರೆ, ನಿಮ್ಮ ಕಡೆ ಅಂಥ ಹೀರೋ ಇದ್ದನಾ ಅಂತ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಆ ಗಣಿ ಮೂರು ಕಿಲೋಮೀಟರ್‌ಗಿಂತ ಆಳ. ಕೆಳಗೆ ಬಂಡೆ ತಾನೇ ಸಿಡಿಯುತ್ತಿತ್ತು, ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡುತ್ತಿತ್ತು. ಪಾತ್ರೆ ಅಲುಗಿದರೆ ಪಾಟಿ (ಅಜ್ಜಿ) ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಎಲ್ಲ ಮನೆ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು, ಯಾರೂ ಮಾತಾಡುವುದಿಲ್ಲ.

ತಾತ ಬಂಡೆಗೆ ಸಿಗಲಿಲ್ಲ. ಧೂಳಿಗೆ ಸಿಕ್ಕರು. ಶ್ವಾಸಕೋಶ ಕಲ್ಲಾಗುವ ಕಾಯಿಲೆ. ಯಾರನ್ನು ಹೊಡೆಯಬೇಕು ಹೇಳಿ? 1880ರಲ್ಲಿ ಶುರು ಮಾಡಿದ ಜಾನ್ ಟೇಲರ್ ಕಂಪನಿಯನ್ನಾ? ಅವರು ಯಾವಾಗಲೋ ಹೋದರು. 2001ರ ಫೆಬ್ರವರಿ 28ಕ್ಕೆ ಗಣಿಯನ್ನೇ ಮುಚ್ಚಿದರು. ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ಸಯನೈಡ್ ದಿಬ್ಬ ಮಾತ್ರ ಉಳಿದಿದೆ. ಗಾಳಿ ಎದ್ದರೆ ಕಿಟಕಿ ಹಾಕಬೇಕು. ನಮ್ಮ ರಾಕ್ಷಸ ಆ ದಿಬ್ಬ. ಗದೆಯಿಂದ ಹೊಡೆದರೆ ಇನ್ನೂ ಜಾಸ್ತಿ ಧೂಳು.

ಮೂರು ಫೇಸ್ | 1.32

ಇದನ್ನೇ ನಾನೂ ಹೇಳಬೇಕು ಅಂತಿದ್ದೆ. ನಮ್ಮ ರಾಕ್ಷಸ ಬರ. ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆ, ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕೆರೆ ಹೂಳು ತುಂಬಿತು, ಕೆರೆ ನೀರು ಹಂಚುತ್ತಿದ್ದ ನೀರಗಂಟಿಯ ಕೆಲಸ ಹೋಯಿತು, ಬೋರ್‌ವೆಲ್ ಬಂತು. ನಾನು ಕೊರೆಸಿದ ಕೊನೇ ಬೋರು 1,400 ಅಡಿ. ನೀರು ಬಂತು, ಅದರಲ್ಲಿ ಫ್ಲೋರೈಡು. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಹೇಳಬೇಕಾಗಿಲ್ಲ, ಮಕ್ಕಳ ಹಲ್ಲು ನೋಡಿದರೆ ಸಾಕು.

2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ಬೆಂಗಳೂರಿನವರು ಬಳಸಿ ಬಿಟ್ಟ ನೀರು, ಎರಡು ಸಲ ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುತ್ತಾರೆ. ಮೂರನೇ ಸಲವೂ ಮಾಡಿ ಅಂತ ನಾವು ಕೇಳುತ್ತಲೇ ಇದ್ದೇವೆ. ಇದು ವರವಾ, ಶಾಪವಾ? ನಮ್ಮ ಮನೆಯಲ್ಲೇ ಎರಡು ಪಾರ್ಟಿ. ತಮ್ಮ ಟೊಮೆಟೊ ಹಾಕಿ ಖುಷಿಯಾಗಿದ್ದಾನೆ. ಅಪ್ಪ ಆ ಕೆರೆಗೆ ಕಾಲೂ ಇಡುವುದಿಲ್ಲ. ರಾವಣನಾಗಿದ್ದರೆ ಹತ್ತು ತಲೆ ಎಣಿಸಿಕೊಂಡು ಹೊಡೆಯಬಹುದಿತ್ತು.

ಮಾಲೂರು ಹೆಂಚು | 1.40

ಅದಕ್ಕೇ ಗಟ್ಟಿ ಅಧಿಕಾರಿ ಬೇಕು ಅನ್ನುವುದು. ಡಿ.ಕೆ. ರವಿ ಸಾಹೇಬರು ನಮ್ಮಲ್ಲಿ ಡಿಸಿ ಆಗಿದ್ದಾಗ ಮರಳು ಲೂಟಿ ಮಾಡುವವರಿಗೆ ನಿದ್ದೆ ಬರುತ್ತಿರಲಿಲ್ಲ. ವರ್ಗ ಆದಾಗ ಜನ ಬೀದಿಗೆ ಇಳಿದರು. ಇವತ್ತಿಗೂ ಕೆಲವು ಆಟೋ ಹಿಂದೆ ಅವರ ಫೋಟೋ ಇದೆ. ಅವರೂ ನಿಮ್ಮ ತುಮಕೂರು ಜಿಲ್ಲೆಯವರೇ, ಕುಣಿಗಲ್ ತಾಲೂಕು.

ಶಿರಾ ಗೇಟ್ | 1.44

ಅವರ ವಿಷಯದಲ್ಲಿ ಆಮೇಲೆ ಏನಾಯಿತು ಅಂದರೆ

ಕಾವಲುಗಾರ (ನಿರ್ವಾಹಕ) | 1.46

ಬೇಡ. ಅವರ ಕೆಲಸದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಸಾವಿನ ಬಗ್ಗೆ ಊಹೆ ಇಲ್ಲಿ ಬೇಡ. ಹೋದ ಸಲ ಇದೇ ವಿಷಯಕ್ಕೆ ಒಂದು ಚರ್ಚೆ ಮುಚ್ಚಬೇಕಾಯಿತು.

ಮೂರು ಫೇಸ್ | 1.51

ಒಳ್ಳೇ ಅಧಿಕಾರಿ, ಎರಡು ಮಾತಿಲ್ಲ. ಆದರೆ ಒಬ್ಬರು ಬಂದು ಎಲ್ಲ ಸರಿ ಮಾಡಲಿ ಅಂತ ಕಾಯುವುದಿದೆಯಲ್ಲ, ಅದು ನಮ್ಮ ರೋಗ. ಅವರು ಹೋದರು. ನಾವು ಇಲ್ಲೇ ಇದ್ದೇವೆ, ಮರಳೂ ಹೋಗುತ್ತಿದೆ.

ಚಿಂತಾಮಣಿ ಅಕ್ಕ | ಸಂಜೆ 5.30

ಕಾಲೇಜಿನಿಂದ ಈಗ ಬಂದೆ. ಎಲ್ಲರೂ ಬಕಾಸುರ ಬಕಾಸುರ ಅನ್ನುತ್ತಿದ್ದೀರಿ, ಕಥೆ ಯಾರಾದರೂ ಸರಿಯಾಗಿ ಓದಿದ್ದೀರಾ? ಕೈವಾರ ನಮ್ಮ ತಾಲೂಕು. ಬಕಾಸುರನ ಕಥೆ ನಡೆದ ಏಕಚಕ್ರನಗರ ಅಂದರೆ ಇದೇ ಅಂತ ನಮ್ಮ ನಂಬಿಕೆ. ಬಂಗಾಳದಲ್ಲೂ ಏಕಚಕ್ರ ಅಂತ ಊರಿದೆ, ಅವರು ಅದೇ ಅನ್ನುತ್ತಾರೆ. ಅದಕ್ಕೆ ಜಗಳ ಬೇಡ.

ಮಹಾಭಾರತದ ಆದಿಪರ್ವದಲ್ಲಿ ಬಕ ಊರಿಗೆ ನುಗ್ಗಿ ಸಿಕ್ಕಸಿಕ್ಕವರನ್ನು ತಿನ್ನುವವನಲ್ಲ. ಊರಿನ ಜೊತೆ ಅವನಿಗೆ ಕರಾರು ಇತ್ತು. ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಬಂಡಿ ಹೊಡೆದುಕೊಂಡು ಬಂದ ಮನುಷ್ಯ. ಮನೆಗೊಂದು ಪಾಳಿ. ಬದಲಿಗೆ ಬೇರೆ ಶತ್ರುಗಳು ಊರ ಹತ್ತಿರ ಸುಳಿಯದ ಹಾಗೆ ಅವನು ನೋಡಿಕೊಳ್ಳುತ್ತಿದ್ದ. ಮಾಮೂಲು ಅಂತೀವಲ್ಲ, ಅದೇ. ರಾಜನೂ ಒಬ್ಬ ಇದ್ದ, ಕೈಲಾಗದವನು. ಪಾಳಿ ತಪ್ಪಿಸಲು ನೋಡಿದವರನ್ನು ಹೆಂಡತಿ ಮಕ್ಕಳ ಸಮೇತ ತಿನ್ನುತ್ತಿದ್ದ. ಒಂದು ಮನೆಗೆ ಪಾಳಿ ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಅಲ್ಲಿಯ ತನಕ ಎಲ್ಲರೂ ಉಂಡು ಮಲಗುತ್ತಿದ್ದರು.

ಪಾಂಡವರು ಇಳಿದುಕೊಂಡಿದ್ದ ಬ್ರಾಹ್ಮಣನ ಮನೆಗೆ ಪಾಳಿ ಬಂತು. ಗಂಡ ನಾನು ಹೋಗುತ್ತೇನೆ ಅನ್ನುತ್ತಾನೆ, ಹೆಂಡತಿ ನಾನು ಅನ್ನುತ್ತಾಳೆ, ಮಗಳು ನಾನು ಅನ್ನುತ್ತಾಳೆ. ಊರು ಬಿಟ್ಟು ಹೋಗೋಣ ಅಂದಾಗ ನೀನೇ ಕೇಳಲಿಲ್ಲ ಅಂತ ಗಂಡ ಹೆಂಡತಿಯನ್ನು ಆಡಿಕೊಳ್ಳುವುದೂ ಇದೆ. ಆಗ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಹಿಡಿದು, ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತಾನೆ. ಅಳುತ್ತಿದ್ದವರೆಲ್ಲ ನಗುತ್ತಾರೆ. ಪಾಠ ಮಾಡುವಾಗ ಇಲ್ಲಿಗೆ ಬಂದರೆ ನನಗೆ ಗಂಟಲು ಕಟ್ಟುತ್ತದೆ, ಮಕ್ಕಳಿಗೆ ಗೊತ್ತಾಗದ ಹಾಗೆ ಬೋರ್ಡ್ ಕಡೆ ತಿರುಗಿಬಿಡುತ್ತೇನೆ.

ಕುಂತಿ ಭೀಮನನ್ನು ಕಳಿಸುತ್ತಾಳೆ. ಧರ್ಮರಾಯನಿಗೆ ಅಮ್ಮನ ಮೇಲೆ ಸಿಟ್ಟು ಬರುತ್ತದೆ. ಭೀಮ ಹೋಗಿ, ಬಕನನ್ನು ಹೆಸರಿಟ್ಟು ಕೂಗುತ್ತಾ ಅವನ ಊಟವನ್ನೇ ಉಣ್ಣುತ್ತಾ ಕೂರುತ್ತಾನೆ. ಬೆನ್ನ ಮೇಲೆ ಗುದ್ದಿದರೂ ತಿರುಗಿ ನೋಡುವುದಿಲ್ಲ. ಆಮೇಲೆ ಕೊಂದು, ಹೆಣ ಊರ ಬಾಗಿಲಿಗೆ ತಂದು ಹಾಕಿ ಯಾರಿಗೂ ಕಾಣದೆ ಹೊರಟುಹೋಗುತ್ತಾನೆ.

ಮುಂದಿನದು ಕೇಳಿ. ಬೆಳಿಗ್ಗೆ ಜನ ಸೇರಿ, ಕೊಂದಿದ್ದು ಯಾರು ಅಂತ ತಿಳಿಯಲು ಏನು ಮಾಡಿದರು ಗೊತ್ತಾ? ನಿನ್ನೆ ಯಾರ ಪಾಳಿ ಇತ್ತು ಅಂತ ಲೆಕ್ಕ ಹಾಕಿದರು. ಲೆಕ್ಕ ಎಲ್ಲರಿಗೂ ಬಾಯಿಪಾಠ! ರಾಕ್ಷಸ ಒಬ್ಬನೇ, ಪಾಳಿ ನಡೆಸಿಕೊಂಡು ಬಂದವರು ಊರಿನವರು. ಆ ಬ್ರಾಹ್ಮಣನೂ ಭೀಮನ ಹೆಸರು ಹೇಳಲಿಲ್ಲ, ಯಾರೋ ಮಂತ್ರ ಬಲ್ಲವರು ಬಂದಿದ್ದರು ಅಂದುಬಿಟ್ಟ.

ಆಗಿನ ಕೆಟ್ಟದ್ದಕ್ಕೆ ಮುಖ ಇತ್ತು, ಈಗಿನದಕ್ಕೆ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಗಲೂ ಅದಕ್ಕೆ ಊರಷ್ಟು ಮುಖ ಇತ್ತು. ಕಥೆ ಹೇಳುವಾಗ ನಾವು ಒಂದನ್ನು ಮಾತ್ರ ಹೇಳಿಕೊಂಡು ಬಂದಿದ್ದೇವೆ.

ಗೌರಿಬಿದನೂರು ಗಾಡಿ | 5.48

ಅಕ್ಕ, ಈ ಪಾಳಿ ಲೆಕ್ಕದ ವಿಷಯ ನನಗೆ ಗೊತ್ತೇ ಇರಲಿಲ್ಲ.

ಮಾಲೂರು ಹೆಂಚು | 5.55

ಹಾಗಾದರೆ ತಪ್ಪೆಲ್ಲ ಊರಿನವರದ್ದು, ರಾಕ್ಷಸ ಪಾಪದವನು! ಮೇಡಂ, ಹೀಗೇ ಹೋದರೆ ನಾಳೆ ಮಹಿಷಾಸುರನಿಗೂ ಜಯಂತಿ ಅನ್ನುತ್ತೀರಿ.

ಚಿಂತಾಮಣಿ ಅಕ್ಕ | 6.02

ನಾನು ಬರೆದಿದ್ದನ್ನು ಇನ್ನೊಂದು ಸಲ ಓದಿ. ಬಕ ಪಾಪದವನು ಅಂತ ಎಲ್ಲಿದೆ? ಮತ್ತೆ, ಬಲಿಪಾಡ್ಯಮಿ ದಿನ ನಿಮ್ಮ ಮನೆಯಲ್ಲಿ ಸಗಣಿಯಲ್ಲಿ ಮಾಡಿ ಪೂಜೆ ಮಾಡುವುದು ಯಾರನ್ನ? ಬಲಿ ಯಾವ ಕುಲ?

ಮಾಲೂರು ಹೆಂಚು | 6.05

ಅದು ಬೇರೆ ವಿಷಯ.

ಶಿರಾ ಗೇಟ್ | 6.06

ಹೆಂಚು ಒಡೀತು.

ಕಂಬಳಿ ಹುಳ (ಚಿಂತಾಮಣಿ) | ರಾತ್ರಿ 8.15

ಯಾವಾಗಲೂ ಸುಮ್ನೆ ಓದಿಕೊಂಡು ಹೋಗುವವನು ನಾನು. ಅಕ್ಕ ಬರೆದಿದ್ದು ನೋಡಿ ಬರೆಯುತ್ತಿದ್ದೇನೆ. ನಮ್ಮ ತಾಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಜನ ದಲಿತರನ್ನು ಮನೆ ಒಳಗೇ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಸಾಕ್ಷಿ ಹೇಳಬೇಕಾದವರು ತಿರುಗಿಬಿದ್ದಿದ್ದರು. ಅವರನ್ನು ನಾನು ಬೈಯುವುದಿಲ್ಲ. ಮಾರನೇ ದಿನ ಅದೇ ಊರಲ್ಲಿ, ಅದೇ ಬೀದಿಯಲ್ಲಿ ಬದುಕಬೇಕಾದವರು. ಕಟಕಟೆಯಲ್ಲಿ ನಿಂತು ಹೌದು ಇವರೇ ಅನ್ನುವುದಕ್ಕೆ ಎಷ್ಟು ಆನೆ ಬಲ ಬೇಕು ಅಂತ ಯಾವ ಪುರಾಣದಲ್ಲೂ ಬರೆದಿಲ್ಲ.

ಗಣಿ ಮೊಮ್ಮಗ | 8.40

ಇದಕ್ಕೆ ಏನು ಬರೆಯಬೇಕು ಗೊತ್ತಾಗುತ್ತಿಲ್ಲ ಅಣ್ಣಾ.

ರಾಗಿ ರೊಟ್ಟಿ (ತುಮಕೂರು) | ಬುಧವಾರ ಬೆಳಿಗ್ಗೆ 9.20

ಇಷ್ಟು ಹೊತ್ತು ಗಂಡಸರದ್ದೇ ಆಯಿತು, ಕುಂತಿಯೂ ಮಗನನ್ನು ಕಳಿಸಿದ್ದಕ್ಕೆ ಮಾತ್ರ ಬಂದಳು. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಕೆರೆಕೋಡಿಯವರ ಗುಬ್ಬಿ ತಾಲೂಕಿನಲ್ಲೇ. ಮದುವೆಯಾಗಿ ಹೋಗಿದ್ದು ಮಾಗಡಿ ಕಡೆ ಹುಲಿಕಲ್‌ಗೆ. ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದರು. ಇದರಲ್ಲಿ ಸಾಯಿಸುವುದು ಎಲ್ಲೂ ಇಲ್ಲ ನೋಡಿ. ಆದರೂ ಹೋರಾಟ ತಪ್ಪಲಿಲ್ಲ. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡಲು 2019ರಲ್ಲಿ ಆ ಮರಗಳ ಮೇಲೆ ಕಣ್ಣು ಬಿತ್ತು. ಅದೇ ವರ್ಷ ಪದ್ಮಶ್ರೀ ಕೊಟ್ಟಿದ್ದೂ ನಾವೇ. ಮರ ಉಳಿಸಿ ಅಂತ ಆ ವಯಸ್ಸಿನಲ್ಲಿ ಅಜ್ಜಿ ಸರ್ಕಾರದ ಮುಂದೆ ಹೋಗಬೇಕಾಯಿತು.

ಇನ್ನೊಂದು. ನಾನು ಸಿದ್ಧಗಂಗೆ ಹತ್ತಿರವೇ ಬೆಳೆದವಳು. ಭೀಮ ಒಂದು ಬಂಡಿ ಅನ್ನ ತಾನೇ ಉಂಡ. ಶಿವಕುಮಾರ ಸ್ವಾಮೀಜಿ ದಿನಾ ಹತ್ತು ಸಾವಿರ ಮಕ್ಕಳಿಗೆ ಬಡಿಸಿದರು. 2019ರ ಜನವರಿ 21ರಂದು ಹೋದರಲ್ಲ, ಆ ದಿನವೂ ಮಕ್ಕಳ ಮಧ್ಯಾಹ್ನದ ಊಟ ಆಗುವ ತನಕ ಸುದ್ದಿ ಹೇಳಲಿಲ್ಲ, ಅವರದೇ ಮಾತಿನಂತೆ. ನಮ್ಮ ಪಕ್ಕದ ಮನೆ ಹುಡುಗ ಆಗ ಮಠದಲ್ಲಿ ಓದುತ್ತಿದ್ದ. ಅವತ್ತು ತಿಂದ ಸಾರಿನ ರುಚಿ ಇನ್ನೂ ನೆನಪಿದೆ ಆಂಟಿ, ತಿನ್ನುವಾಗ ಗೊತ್ತಿರಲಿಲ್ಲ ಅನ್ನುತ್ತಾನೆ.

ಹಳೇ ಹಾರ್ಮೋನಿಯಂ | 9.41

ಹಸಿವನ್ನು ಬಕ ಅಂತ ತಿಳಿದರೆ, ಅವನಿಗೆ ಪಾಳಿ ತಪ್ಪದೆ ಬಂಡಿ ಕಳಿಸಿದವರು ಸ್ವಾಮೀಜಿ. ಮನುಷ್ಯ ಮಾತ್ರ ಹೋಗಲಿಲ್ಲ. ಚೆನ್ನಾಗಿ ಹೇಳಿದಿರಿ ತಾಯಿ.

ಶಿರಾ ಗೇಟ್ | 10.10

ನನಗೊಂದು ಸಣ್ಣ ಅನುಮಾನ. ಕೆರೆಕೋಡಿ ಅಣ್ಣ, ಸೋಮವಾರ ಅಷ್ಟು ಉದ್ದ ಬರೆದಿರಿ. ಕೆರೆ ಒಳಗೆ ತೋಟ ಮಾಡಿಕೊಂಡವರಲ್ಲಿ ನಿಮ್ಮ ಕಡೆಯವರು ಯಾರೂ ಇಲ್ವಾ? ಸುಮ್ನೆ ಕೇಳಿದೆ.

ಮಾಲೂರು ಹೆಂಚು | ಸಂಜೆ 7.00

ಅಣ್ಣ ಆಫ್‌ಲೈನ್.

ಕೆರೆಕೋಡಿ | ಗುರುವಾರ ರಾತ್ರಿ 11.25

ಆಫ್‌ಲೈನ್ ಇರಲಿಲ್ಲ. ಓದುತ್ತಿದ್ದೆ. ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ.

ಇದೆ. ಸರ್ವೆ ಮಾಡಿದಾಗ ನಮ್ಮದೂ ನಾಲ್ಕು ತೆಂಗಿನ ಮರ ಒಳಗೆ ಬಂದವು. ನಾನು ಹುಟ್ಟಿದ ವರ್ಷ ನಮ್ಮಪ್ಪ ನೆಟ್ಟಿದ್ದು. ನಾಲ್ಕೇ ನಾಲ್ಕು ಮರ, ಎದುರಿನವನದು ಎರಡು ಎಕರೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ. ಎದುರಿನವನಿಗೆ ಗೊತ್ತು. ಅವನು ಆರು ವರ್ಷದಿಂದ ಅರಳೀಕಟ್ಟೆ ಮೇಲೆ ಕೂತು ಹೇಳುವುದು ಒಂದೇ ಮಾತು: "ಮೊದಲು ಅವನ ಮರ ತೆಗೀಲಿ, ಆಮೇಲೆ ನನ್ನ ತೋಟ." ಊರಿನವರು ನಗುತ್ತಾರೆ. ನಗುವವರಲ್ಲಿ ಅರ್ಧ ಜನದ್ದೂ ಒಂದೊಂದು ಗುಂಟೆ ಒಳಗಿದೆ.

ಅಕ್ಕ ಬರೆದ ಪಾಳಿ ಕಥೆಯನ್ನು ಮಗಳಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, ನಮ್ಮ ಮರಗಳು ಯಾವ ಕಡೆ ಬರುತ್ತವೆ ಅಪ್ಪಾ ಅಂದಳು.

ಮೂರು ಫೇಸ್ | 11.40

ಮರ ಕಡಿಯಬೇಡಿ ಅಣ್ಣ. ಬೇಲಿ ಕೀಳಿ, ಕಾಯಿ ಬಿಡಿ. ಲೆಕ್ಕ ಬರೆದು ಪಂಚಾಯ್ತಿಗೆ ಕೊಡಿ. ಅವನಿಗೆ ಹೇಳಲು ಮಾತು ಉಳಿಯಬಾರದು.

ಮಾಲೂರು ಹೆಂಚು | 11.44

ಇವರು ಬಿಟ್ಟ ಕಾಯಿಯನ್ನು ಅವನೇ ಕೊಯ್ದುಕೊಳ್ಳುತ್ತಾನೆ ಅಷ್ಟೇ. ಬರೆದಿಟ್ಟುಕೊಳ್ಳಿ.

ಕಲ್ಲು ಓದುವವ | ಶುಕ್ರವಾರ ಬೆಳಿಗ್ಗೆ 7.10

ಹೆಂಚಿನವರು ಹೇಳುವುದರಲ್ಲೂ ನ್ಯಾಯ ಇದೆ. ಆದರೂ ಬೇಲಿ ಕೀಳಿ. ಹಾಗೇ ಗುರುತಿನ ಕಲ್ಲಿನ ಫೋಟೋ ತೆಗೆದು ಇಟ್ಟುಕೊಳ್ಳಿ. ಕಲ್ಲು ನಡೆಯುವುದನ್ನು ಶಾಸನದವರೂ ಕಂಡಿದ್ದರು, ಅದಕ್ಕೇ ಗಡಿಯಲ್ಲಿ ಇಂಥ ಹಳ್ಳ, ಇಂಥ ಹುಣಸೆ ಮರ ಅಂತ ಗುರುತು ಬರೆಸುತ್ತಿದ್ದರು.

ರಾಗಿ ರೊಟ್ಟಿ | ಶನಿವಾರ ಸಂಜೆ 6.00

ಭಾಷಣ ಏನಾಯಿತು?

ಕೆರೆಕೋಡಿ | ರಾತ್ರಿ 9.15

ಮೂರನೇ ಬಹುಮಾನ. ಏಳು ನಿಮಿಷ ಮಾತಾಡಿದಳಂತೆ, ಅದಕ್ಕೆ ನಂಬರ್ ಕಟ್ ಆಗಿದೆ. ನೀವು ಬರೆದಿದ್ದರಲ್ಲಿ ಅವಳು ತಗೊಂಡಿದ್ದು ಮೂರು. ಹುಲ್ಲುಕಡ್ಡಿ ಹಿಡಿದ ಹುಡುಗ, ಗೌರಿಬಿದನೂರು ಅಜ್ಜಿಯ ಒಂದು ಕೈ ಬಳೆ, ಮೂರನೆಯದು ನಮ್ಮ ನಾಲ್ಕು ತೆಂಗಿನ ಮರ. ಹೌದು, ಸ್ಟೇಜ್ ಮೇಲೆ, ಮೈಕ್‌ನಲ್ಲಿ. ಎದುರಿನವನ ಮೊಮ್ಮಗನೂ ಅದೇ ಕ್ಲಾಸು.

ಬೆಳಿಗ್ಗೆಯೇ ಬೇಲಿ ಕಿತ್ತಿದ್ದೆ. ಮನೆಯವಳು ಮಾತು ಬಿಟ್ಟಿದ್ದಾಳೆ, ಚಟ್ನಿಗೆ ಕಾಯಿ ಅಂಗಡಿಯಿಂದ ತರಬೇಕಂತೆ. ಎದುರಿನವನು ಕಟ್ಟೆ ಮೇಲೆ ಇದ್ದ, ನೋಡಿದ, ಬೀಡಿ ಹಚ್ಚಿಕೊಂಡ. ಸೋಮವಾರ ಮತ್ತೆ ಕಚೇರಿಗೆ ಹೋಗಬೇಕು.

ಚಿಂತಾಮಣಿ ಅಕ್ಕ | 9.22

ಅವಳನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬನ್ನಿ. ಊಟ ನಮ್ಮ ಮನೆಯಲ್ಲಿ.

ಹಳೇ ಹಾರ್ಮೋನಿಯಂ | 9.30

ನಾಟಕ ಯಾವತ್ತು?

ಕೆರೆಕೋಡಿ | 9.34

ಮುಂದಿನ ತಿಂಗಳು ಜಾತ್ರೆ ಎರಡನೇ ದಿನ, ರಾತ್ರಿ ಒಂಬತ್ತೂವರೆಗೆ ಶುರು. ಒಂದೇ ತೊಂದರೆ. ದುರ್ಯೋಧನನ ಪಾತ್ರದವರಿಗೆ ಚಿಕೂನ್‌ಗುನ್ಯಾ ಬಂದು ಮಂಡಿ ಮಡಚಲು ಆಗುತ್ತಿಲ್ಲ. ಪಾತ್ರ ಖಾಲಿ ಇದೆ.

ಮಾಲೂರು ಹೆಂಚು | 9.35

ರೇಟು ಎಷ್ಟು?

ಶಿರಾ ಗೇಟ್ | 9.35

ನಾನು ಮೊದಲು ಕೇಳಬೇಕು ಅಂತಿದ್ದೆ.